ಅಮೆರಿಕದ ಕೆರೆ ಸ್ವಾಮಿಗೆ ಮರಳವಾಡಿಯ ತೆಂಗಿನಕಾಯಿ

ಮರಳವಾಡಿ

ನಾನು ಅಮೆರಿಕಕ್ಕೆ ಹೋಗಿಬಂದವನು ಅಂತ ಗೊತ್ತಾದ ಕೂಡಲೇ ಚನ್ನಪಟ್ಟಣದ ಜನ ಕೇಳುವುದು ಎರಡೇ ಪ್ರಶ್ನೆ. ಅಲ್ಲಿ ಏನು ತಿಂದಿರಿ? ಎಷ್ಟು ಅಂತಸ್ತಿನ ಮನೆ ನೋಡಿದಿರಿ? ತಿಂದದ್ದು ಆಲೂಗಡ್ಡೆ. ಅಂತಸ್ತು ಎಣಿಸುವುದಕ್ಕೆ ಪುರುಸೊತ್ತಾಗಲಿಲ್ಲ, ಏಕೆಂದರೆ ಹೋಗುವ ದಾರಿಯುದ್ದಕ್ಕೂ ನನ್ನ ಕಂಕುಳಲ್ಲಿ ಒಂದು ತೆಂಗಿನಕಾಯಿ ಇತ್ತು. ಈ ಬರಹ ಆ ಕಾಯಿಯ ಸಂಗತಿ.

ನಾನು ಚನ್ನಪಟ್ಟಣದ ಕೈಗಾರಿಕೆ ಶಾಲೆಯ ಮೇಷ್ಟರು. ಅಮೆರಿಕದ ಒಂದು ವಸ್ತುಪ್ರದರ್ಶನಕ್ಕೆ ಮಹಾರಾಜರ ಸರ್ಕಾರದಿಂದ ಗಂಧದ ಪೆಟ್ಟಿಗೆ, ರೇಷ್ಮೆ, ನಮ್ಮ ಊರಿನ ಅರಗಿನ ಬಣ್ಣದ ಆಟದ ಸಾಮಾನು ಹೊರಟವು. ಜೊತೆಗೆ ಇಂಗ್ಲಿಷ್ ಆಡಬಲ್ಲ, ಬುಗುರಿ ಆಡಿಸಬಲ್ಲ ಒಬ್ಬ ಮನುಷ್ಯ ಬೇಕಾಗಿತ್ತು. ಎರಡೂ ಬಲ್ಲವನು ನಾನೊಬ್ಬನೇ ಸಿಕ್ಕಿದೆ.

ಹೇಳಿಹೋಗಲು ಮರಳವಾಡಿಗೆ ಹೋದೆ. ನಮ್ಮಕ್ಕ ಚನ್ನಾಜಮ್ಮನನ್ನು ಮಾಗಡಿಯಿಂದ ಅಲ್ಲಿಗೆ ಕೊಟ್ಟದ್ದು. ಹಿಪ್ಪುನೇರಳೆ ತೋಟ, ರೇಷ್ಮೆಹುಳದ ಮನೆ, ಎರಡು ಜೊತೆ ಎತ್ತು, ಯಾವುದಕ್ಕೂ ಕಡಿಮೆಯಿರಲಿಲ್ಲ, ಗಂಡನೊಬ್ಬನನ್ನು ಬಿಟ್ಟು. ಭಾವ ಗುರುಸಿದ್ದಪ್ಪನವರು ಊರಾಚೆಯ ಕರಿಬಂಡೆಯ ಮೇಲೆ ಗುಡಿಸಲು ಹಾಕಿಕೊಂಡು ಕೂತು ಐದು ತಿಂಗಳಾಗಿತ್ತು. ಅದಕ್ಕೆ ಕಾರಣ ನಾನು.

ಶಿವರಾತ್ರಿಗೆ ಹೋದವನು ಸುಮ್ಮನೆ ಇರಲಾರದೆ ಒಂದು ಇಂಗ್ಲಿಷ್ ಪುಸ್ತಕವನ್ನು ಭಾವನಿಗೆ ಕನ್ನಡದಲ್ಲಿ ಹೇಳಿದ್ದೆ. ಬರೆದವನು ಅಮೆರಿಕದವನು, ನಾನು ಹುಟ್ಟುವ ಮೊದಲೇ ತೀರಿಕೊಂಡವನು. ಊರು ಬಿಟ್ಟು ಕಾಡಿನ ಕೆರೆಯ ದಡದಲ್ಲಿ ಎರಡು ವರ್ಷ ಒಂಟಿಯಾಗಿದ್ದನಂತೆ. ಯಾವ ಹೂವು ಯಾವ ದಿನ ಬಿಟ್ಟಿತು, ಕಪ್ಪೆ ಯಾವಾಗ ಕೂಗಿತು, ಕೆರೆಯ ಮಂಜುಗಡ್ಡೆ ಎಷ್ಟು ಬೆರಳು ದಪ್ಪ, ಎಲ್ಲವನ್ನೂ ಬರೆದಿಟ್ಟಿದ್ದ. ಎಲೆಯಲ್ಲಿರುವ ಚೇತನವೂ ಮನುಷ್ಯನಲ್ಲಿರುವ ಚೇತನವೂ ಒಂದೇ, ಅದನ್ನು ಕಾಣುವುದಕ್ಕೆ ಗ್ರಂಥವೂ ಬೇಡ ಪಾದ್ರಿಯೂ ಬೇಡ, ಕಣ್ಣು ಬಿಟ್ಟು ಸುಮ್ಮನೆ ಕೂತರೆ ಸಾಕು ಅನ್ನುವುದು ಅವನ ಮತ. ನಮ್ಮ ವೇದಾಂತವನ್ನೂ ಓದಿದ್ದನಂತೆ. ಇದನ್ನು ನಾನು ಸ್ವಲ್ಪ ಜೋರಾಗಿಯೇ ಹೇಳಿದೆ.

ಭಾವ ಮೂರು ದಿನ ಕೇಳಿದರು. ನಾಲ್ಕನೆಯ ದಿನ “ಮೇಷ್ಟ್ರೇ, ಈವಯ್ಯ ನಂಗೇ ಅಂತ ಬರ್ದವ್ನೆ ಕಣ್ರೀ” ಅಂದವರೇ ಕಂಬಳಿ ಹೆಗಲಿಗೆ ಹಾಕಿಕೊಂಡು ಬಂಡೆ ಹತ್ತಿದರು.

ಅಕ್ಕ ಆ ಬರಹಗಾರನಿಗೆ ಕೆರೆ ಸ್ವಾಮಿ ಅಂತ ಹೆಸರಿಟ್ಟಿದ್ದಳು. ನಾನೂ ಇಲ್ಲಿ ಅದನ್ನೇ ಬಳಸುತ್ತೇನೆ. ನನ್ನನ್ನು ಕಂಡವಳೇ ಒಳಗಿನಿಂದ ಅರಿಶಿನ ಬಟ್ಟೆಯಲ್ಲಿ ಕಟ್ಟಿದ ತೆಂಗಿನಕಾಯಿ ತಂದು ಕೈಗಿಟ್ಟಳು.

“ತಲೆ ಕೆಡಿಸ್ದೋನು ನೀನು, ನೀನೇ ಸರಿ ಮಾಡು. ಆ ಕೆರೆ ಸ್ವಾಮಿ ಗದ್ದುಗೆ ಅಲ್ಲೇ ಎಲ್ಲೋ ಇರ್ತದೆ. ಅದ್ರ ಮುಂದೆ ಈ ಕಾಯಿ ಒಡ್ದು, ನಮ್ಮೋರ್ನ ವಾಪಸ್ ಕಳ್ಸಪ್ಪಾ ಅಂತ ಕೇಳ್ಕೊ.”

“ಅವನು ಸ್ವಾಮಿ ಅಲ್ಲ ಕಣಕ್ಕ, ಪುಸ್ತಕ ಬರೆಯೋನು. ಅವನಿಗೆ ಗದ್ದುಗೆ ಗಿದ್ದುಗೆ ಇಲ್ಲ.”

“ಮನೆ ಬುಟ್ಟು ಕಾಡಲ್ ಕುಂತೋನು ಸ್ವಾಮಿ ಅಲ್ದೆ ಇನ್ನೇನ್ಲಾ? ಹರಕೆ ಕಾಯಿ ಇದು. ಒಡೆಯೋ ಗಂಟ ನೆಲಕ್ಕೆ ಮುಟ್ಟಿಸ್‌ಬ್ಯಾಡ. ಜುಟ್ಟು ಕಿತ್ತೀಯ, ಜೋಕೆ!”

ಇಷ್ಟು ಹೇಳುವಾಗಲೂ ಅಕ್ಕ ಗಂಡನ ಹೆಸರೆತ್ತಲಿಲ್ಲ. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ, ಗಂಡನೂ ಹೆಂಡತಿಯನ್ನು ಹೆಸರು ಹಿಡಿದು ಕೂಗುವುದಿಲ್ಲ. ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಭಾವ ಅಕ್ಕನನ್ನು ಕರೆದದ್ದು ‘ಇವಳೇ’ ಅಂತ, ಇಲ್ಲದಿದ್ದರೆ ಕೆಮ್ಮಿ. ಈಗ ಬಂಡೆಯ ಮೇಲಿನಿಂದಲೂ, ಊಟ ಬಂತೇ ಅಂತ ಕೇಳುವುದಕ್ಕೆ ಕೆಮ್ಮುತ್ತಾರಂತೆ. ಅಕ್ಕ ಮುದ್ದೆ, ಸೊಪ್ಪಿನ ಸಾರು ಬುತ್ತಿ ಕಟ್ಟಿಕೊಂಡು, ಅಂದೂ ಕುಂಟುತ್ತಾ ಆ ಕಡೆ ಹೊರಟಳು.

ಹಡಗು

ಹಡಗಿನ ನೆಲ ನೆಲವೋ ಅಲ್ಲವೋ? ಮುಂಬಯಿ ಬಿಟ್ಟ ದಿನವೇ ಈ ಪ್ರಶ್ನೆ ಎದ್ದಿತು. ಕೆಳಗೆ ಹಲಗೆ, ಹಲಗೆಯ ಕೆಳಗೆ ನೀರು, ಮಣ್ಣು ಎಲ್ಲಿದೆಯೋ ದೇವರೇ ಬಲ್ಲ. ಆದರೆ ಅಕ್ಕನ ಮುಖ ನೆನಪಾಗಿ, ಕಾಯಿಯನ್ನು ನೆಲಕ್ಕಿಡುವ ಧೈರ್ಯ ಬರಲಿಲ್ಲ. ಊಟಕ್ಕೆ ಹೋದರೆ ತೊಡೆಯ ಮೇಲೆ, ಮಲಗಿದರೆ ಪಕ್ಕದಲ್ಲಿ. ನಾವು ಲಿಂಗವಂತರು, ಮಾಂಸ ಮುಟ್ಟುವುದಿಲ್ಲ. ಬಡಿಸುವವನು ಅದು ನನ್ನ ಊಟವೆಂದೇ ತಿಳಿದು ದಿನವೂ ಚಾಕು ತಂದು ಪಕ್ಕದಲ್ಲಿಟ್ಟು ಹೋಗುತ್ತಿದ್ದ.

ನನ್ನ ಕೋಣೆಯಲ್ಲಿದ್ದವನು ಸೇತುವೆ ಕಟ್ಟುವ ಒಬ್ಬ ಇಂಗ್ಲಿಷ್ ಎಂಜಿನಿಯರು. ಹರಕೆಯ ವಿಷಯ ಕೇಳಿ, ವಿದ್ಯಾವಂತರಾದ ನೀವು ಇದನ್ನೆಲ್ಲ ನಂಬುತ್ತೀರಾ ಅಂತ ಕೇಳಿದ. ನಂಬುವುದಿಲ್ಲ, ಆದರೆ ನಮ್ಮಕ್ಕ ನಿಮಗೆ ಗೊತ್ತಿಲ್ಲ ಅಂದೆ.

ಅರಬ್ಬಿ ಸಮುದ್ರ ದಾಟುವ ಮೊದಲೇ ಒಂದು ಮಧ್ಯಾಹ್ನ ಬಿರುಗಾಳಿ ಎದ್ದಿತು. ಪೆಟ್ಟಿಗೆಗಳು ಕೋಣೆಯ ತುಂಬ ಓಡಾಡಿದವು. ತಿಂದ ಆಲೂಗಡ್ಡೆಯೆಲ್ಲ ಹೊರಗೆ ಬರುತ್ತಿದ್ದಾಗ ಎರಡು ಕೈಯೂ ಬೇಕಾಗಿ ಕಾಯಿಯನ್ನು ಎಂಜಿನಿಯರಿಗೆ ಕೊಟ್ಟು, ಇದು ಕೆಳಗೆ ಬಿದ್ದರೆ ಒಬ್ಬ ಹೆಂಗಸಿನ ಗಂಡ ಹೋದ ಹಾಗೆ ಅಂದೆ. ಆ ಪುಣ್ಯಾತ್ಮ ಮೂರು ತಾಸು ಕಂಬಕ್ಕೆ ಒರಗಿ, ಕಾಯಿಯನ್ನು ಎದೆಗವಚಿಕೊಂಡು ನಿಂತೇ ಇದ್ದ. ಗಾಳಿ ನಿಂತಮೇಲೆ ವಾಪಸು ಕೊಡುತ್ತಾ, “ನಾನು ಹನ್ನೊಂದು ವರ್ಷ ಮನೆಯಿಂದ ದೂರ ಇದ್ದೆ. ನನ್ನ ಹೆಂಡತಿ ಯಾರ ಕೈಯಲ್ಲೂ ಒಂದು ಕಾಯಿ ಕಳಿಸಲಿಲ್ಲ” ಅಂದ. 

ಸುಂಕದ ಕಟ್ಟೆ

ಅಮೆರಿಕದ ಬಂದರಿನಲ್ಲಿ ಸುಂಕದ ಅಧಿಕಾರಿ ನನ್ನ ಹುರಿಹಿಟ್ಟನ್ನು ಮೂಸಿದ, ವಿಭೂತಿ ಗಟ್ಟಿಯನ್ನು ನೆಕ್ಕಿದ, ಎರಡನ್ನೂ ಪಕ್ಕಕ್ಕೆ ಸರಿಸಿ ಕಾಯಿಯನ್ನು ಎತ್ತಿ ಕಿವಿಯ ಬಳಿ ಅಲ್ಲಾಡಿಸಿದ. ಇಷ್ಟು ದಿನದಲ್ಲಿ ನೀರು ಇಂಗಿ ಒಳಗೆ ಕೊಬ್ಬರಿ ಗಡಗಡ ಅನ್ನುತ್ತಿತ್ತು. ಇದೇನು ಅಂತ ಕೇಳಿದ. ಹರಕೆಗೆ ಇಂಗ್ಲಿಷಿನಲ್ಲಿ ಆ ಹೊತ್ತಿಗೆ ಏನೂ ತೋಚದೆ, ಅರ್ಜಿ ಅಂದೆ.

“ಯಾರಿಗೆ?”

“ನಿಮ್ಮ ದೇಶದವರಿಗೇ. ಅವರು ತೀರಿಕೊಂಡು ಬಹಳ ವರ್ಷವಾಯಿತು.”

ಅವನು ಕಾಯಿಯನ್ನೂ ನನ್ನನ್ನೂ ನೋಡಿ, “ಬದುಕಿರುವವರಿಗೆ ಕೊಟ್ಟ ಅರ್ಜಿಗೂ ಇಲ್ಲಿ ಯಾರೂ ಉತ್ತರ ಬರೆಯುವುದಿಲ್ಲ, ಹೋಗಿ” ಅಂತ ಸೀಮೆಸುಣ್ಣದಿಂದ ಪೆಟ್ಟಿಗೆಯ ಮೇಲೆ ಗೀಟು ಹಾಕಿದ. ಮೈಸೂರು ಬಿಟ್ಟಮೇಲೆ ಮೊದಲ ಸಲ ನಮ್ಮ ಊರಿನ ಕಚೇರಿಗೆ ಬಂದ ಹಾಗಾಯಿತು.

ಕೆರೆ ಸ್ವಾಮಿಯ ಊರು

ಪ್ರದರ್ಶನ ಮುಗಿಸಿಕೊಂಡು ರೈಲು ಹತ್ತಿದೆ. ನಮ್ಮ ಕಡೆ ಪಕ್ಕದ ಕ್ಲೋಸ್‌ಪೇಟೆಯಿಂದ ಚನ್ನಪಟ್ಟಣಕ್ಕೆ ಹೋಗುವಷ್ಟರಲ್ಲಿ ಎದುರು ಕೂತವನ ಕುಲಗೋತ್ರ, ಮಗಳ ಮದುವೆ, ಮೂಲವ್ಯಾಧಿ ಎಲ್ಲವೂ ನಮಗೆ ತಿಳಿದಿರುತ್ತದೆ. ಅಲ್ಲಿ ಒಬ್ಬ ಮನುಷ್ಯ ಐದು ತಾಸು ನನ್ನ ತೊಡೆಯ ಮೇಲಿನ ಕಾಯಿಯನ್ನೇ ನೋಡುತ್ತಾ ಕೂತ, ಅದೇನು ಅಂತ ಬಾಯಿ ಬಿಡಲಿಲ್ಲ. ಇಳಿಯುವಾಗ ಟೊಪ್ಪಿ ಎತ್ತಿದ. ನನಗೋ ಕಾಯಿಗೋ ಗೊತ್ತಾಗಲಿಲ್ಲ.

ಕೆರೆ ಸ್ವಾಮಿಯ ಊರಿನಲ್ಲಿ ಅವನ ಹೆಸರಿನ ಬೀದಿ, ಛತ್ರ, ಏನಿಲ್ಲವೆಂದರೂ ಒಂದು ಕಟ್ಟೆ ಇರುತ್ತದೆಂದು ನಾನು ತಿಳಿದಿದ್ದೆ. ಏನೂ ಇರಲಿಲ್ಲ. ನಾನು ಇಳಿದುಕೊಂಡ ಮನೆಯ ಯಜಮಾನ ಅವನ ಹೆಸರು ಕೇಳಿದ್ದೇ ನಕ್ಕ.

“ಅವನಾ? ನಮ್ಮಪ್ಪನ ಹೊಲದಲ್ಲಿ ಆಮೆ ಮೊಟ್ಟೆ ಇಡುವುದನ್ನು ನೋಡುತ್ತಾ ಬೆಳಗಿನಿಂದ ಸಂಜೆಯವರೆಗೆ ಬೋರಲು ಮಲಗಿದ್ದ. ಸತ್ತಿದ್ದಾನೆ ಅಂತ ನಾಲ್ಕು ಜನ ಚಟ್ಟ ತಂದರು. ಎತ್ತುವುದಕ್ಕೆ ಹೋದರೆ, ಸದ್ದು ಮಾಡಬೇಡಿ ಅಂತ ಬೈದನಂತೆ.”

ಇನ್ನೂ ಹೇಳಿದ. ಯಾರದಾದರೂ ಮಣ್ಣಿಗೆ ಹೋದರೆ ಪಾದ್ರಿ ಪ್ರಾರ್ಥನೆ ಹೇಳುತ್ತಿರುವಾಗಲೇ ಯಾವುದೋ ಹಕ್ಕಿ ಕೂಗಿತೆಂದು ಎದ್ದು ಹೋಗುತ್ತಿದ್ದ. ಯಾರಾದರೂ ಹಕ್ಕಿಯ ಹೆಸರು ತಪ್ಪು ಹೇಳಿದರೆ ರಸ್ತೆಯಲ್ಲೇ ನಿಲ್ಲಿಸಿ ತಿದ್ದುತ್ತಿದ್ದ. ಒಂದು ಸುಳ್ಳು ಹೇಳಿದವನಲ್ಲ, ಒಬ್ಬರ ಮನೆಗೂ ಆಗಿಬಂದವನಲ್ಲ. ಇದನ್ನೆಲ್ಲ ಕೇಳುತ್ತಾ ಕೇಳುತ್ತಾ ನನಗೆ ನಮ್ಮ ಭಾವನ ಮುಖವೇ ಕಣ್ಣ ಮುಂದೆ ಬರುತ್ತಿತ್ತು.

ಕೆರೆಯ ದಡ

ಕೆರೆ ಅಂಥ ದೊಡ್ಡದೇನಲ್ಲ. ನಮ್ಮ ಕಡೆಯ ಕೆರೆಯಾಗಿದ್ದರೆ ಏರಿ ಇರುತ್ತಿತ್ತು, ತೂಬು ಇರುತ್ತಿತ್ತು, ಬಟ್ಟೆ ಒಗೆಯುವ ನಾಲ್ಕು ಹೆಂಗಸರ ಜಗಳ ಇರುತ್ತಿತ್ತು. ಇಲ್ಲಿ ಬರೀ ನೀರು, ಸುತ್ತ ಕೆಂಪು ಎಲೆಯ ಮರ, ನಡುವೆ ನಾನು. ಚಳಿಗೆ ಹಲ್ಲು ಕಟಕಟ ಅನ್ನುತ್ತಿತ್ತು. ಆದರೂ ಆ ನೀರನ್ನು ನೋಡುತ್ತಾ ಕೂತಾಗ, ಅವನು ಇಲ್ಲಿಂದ ಏಕೆ ಏಳಲಿಲ್ಲ ಅನ್ನುವುದು ತಿಳಿಯಿತು. ನನಗೂ ಏಳಬೇಕೆನಿಸಲಿಲ್ಲ. ಭಾವನನ್ನು ಹುಚ್ಚರೆಂದು ಬೈದುಕೊಂಡದ್ದಕ್ಕೆ ನಾಚಿಕೆಯಾಯಿತು.

ದಡದ ಮೇಲೆ ಚೌಕವಾಗಿ ಜೋಡಿಸಿದ ಕಲ್ಲುಗಳು, ನಡುವೆ ಒಂದು ಚಪ್ಪಡಿ. ಗದ್ದುಗೆ! ಅಕ್ಕ ಹೇಳಿದ್ದು ನಿಜವಾಯಿತು. ಬೂಟು ಕಾಲುಚೀಲ ಬಿಚ್ಚಿ, ಮಂಜು ಕಟ್ಟಿದ ಹುಲ್ಲಿನ ಮೇಲೆ ಬರಿಗಾಲಲ್ಲಿ ಮೂರು ಪ್ರದಕ್ಷಿಣೆ ಬಂದೆ. ಕಾಲು ಇದೆಯೋ ಇಲ್ಲವೋ ತಿಳಿಯದಂತಾಗಿತ್ತು. ಅರಿಶಿನ ಬಟ್ಟೆ ಬಿಚ್ಚಿ ಕಾಯಿ ಮೇಲೆತ್ತಿದೆ.

ಗಾಳ ಹಿಡಿದ ಒಬ್ಬ ಮುದುಕ ಆಗಿನಿಂದಲೂ ನೋಡುತ್ತಿದ್ದನಂತೆ. ಹತ್ತಿರ ಬಂದು ಬಹಳ ಮರ್ಯಾದೆಯಿಂದ ಕೇಳಿದ:

“ಸ್ವಾಮಿ, ನಿಮ್ಮ ದೇಶದಲ್ಲಿ ಎಲ್ಲ ಹಂದಿಗೂಡಿಗೂ ಹೀಗೆ ಮಾಡುತ್ತೀರೋ, ಅಥವಾ ನಮ್ಮ ತಾತನದಕ್ಕೆ ಮಾತ್ರವೋ?”

ಎತ್ತಿದ ಕೈ ಹಾಗೇ ನಿಂತಿತು. ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟದವನು, ಹಂದಿ ಕಟ್ಟುವ ಗೂಡಿಗೆ ಮೂರು ಸುತ್ತು ಬಂದಿದ್ದೆ. ಕೆರೆ ಸ್ವಾಮಿಯ ಗುಡಿಸಲು ಎಲ್ಲಿ ಅಂತ ಕೇಳಿದೆ.

“ಅದನ್ನು ಕಿತ್ತು ಅವನ ತಂಗಿ ಕೋಳಿಗೂಡು ಮಾಡಿಕೊಂಡಳು. ಅಲ್ಲಿ ಹೊಗೆ ಕಾಣುತ್ತದಲ್ಲ, ಅದೇ ಮನೆ. ಮೊದಲು ಬೂಟು ಹಾಕಿಕೊಳ್ಳಿ.”

ತಂಗಿಯ ಅಡುಗೆಮನೆ

ಎಂಬತ್ತು ದಾಟಿದ ಅಜ್ಜಿ. ಬಾಗಿಲು ತೆರೆದವಳು ನನ್ನ ರುಮಾಲು ನೋಡಲಿಲ್ಲ, ಕಾಯಿ ನೋಡಲಿಲ್ಲ. ನಡುಗುವ ನನ್ನ ಕಾಲು ನೋಡಿ ಒಲೆಯ ಮುಂದೆ ಕೂರಿಸಿ, ಸೇಬಿನ ಹೂರಣ ತುಂಬಿ ಬೇಯಿಸಿದ ಹೋಳಿಗೆಯಂಥ ತಿಂಡಿ ಕೊಟ್ಟಳು. ಮೊಟ್ಟೆ ಹಾಕಿಲ್ಲ ತಾನೆ ಅಂತ ಕೇಳಿ, ಇಲ್ಲ ಅಂದಮೇಲೆ ಮೂರು ತುಂಡು ತಿಂದೆ. ಎರಡು ದಿನ ಅವಳ ಮನೆಯಲ್ಲೇ ಉಳಿದೆ. ಕೋಳಿಗೂಡನ್ನೂ ತೋರಿಸಿದಳು. ಜಗತ್ತಿಗೇ ಏಕಾಂತ ಹೇಳಿಕೊಟ್ಟ ಗುಡಿಸಲಿನಲ್ಲಿ ಹನ್ನೊಂದು ಕೋಳಿಗಳು ಒಂದರ ಮೇಲೊಂದು ಕೂತಿದ್ದವು. ಅವುಗಳಲ್ಲಿ ಒಂದು ಎಡಗಾಲು ಕುಂಟು ಅಂತ ದಿನಚರಿಯಲ್ಲಿ ಬರೆದುಕೊಂಡೆ.

ಅಕ್ಕನ ಕಥೆ ಹೇಳಿದೆ. ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ: “ಊಟ ಯಾರು ಕೊಂಡೊಯ್ಯುತ್ತಾರೆ?”

“ನಮ್ಮಕ್ಕನೇ, ದಿನಾ.”

ಅಜ್ಜಿ ಎದ್ದು ಹೋಗಿ, ಗೋಡೆಗೆ ನೇತುಹಾಕಿದ್ದ ಹಿಡಿಕೆಯ ತಗಡಿನ ಡಬ್ಬಿಯೊಂದನ್ನು ತಂದು ನನ್ನ ಮುಂದಿಟ್ಟಳು. ಎರಡು ವರ್ಷ ದಿನವೂ ಇದರಲ್ಲಿ ರೊಟ್ಟಿ, ಸಾರು, ಕಂಕುಳಲ್ಲಿ ಒಗೆದ ಬಟ್ಟೆ ಹೊತ್ತು ಆ ಕೆರೆಗೆ ಹೋದವಳು ತಾನು ಅಂದಳು. ಪುಸ್ತಕದಲ್ಲಿ ಅವನು ತಾನೇ ನೆಟ್ಟ ಗೆಡ್ಡೆ ತಿಂದು ಬದುಕಿದವನು.

“ಹಾಗಾದರೆ ಬರೆದದ್ದು ಸುಳ್ಳೇ?”

“ಛೆ! ಅವನು ಸುಳ್ಳು ಹೇಳುವವನೇ ಅಲ್ಲ,” ಅಜ್ಜಿಗೆ ಕೋಪವೇ ಬಂತು. “ಗೆಡ್ಡೆ ನೆಟ್ಟದ್ದು ನಿಜ. ತಿಂದದ್ದೂ ನಿಜ. ನೋಡಿದ್ದನ್ನೆಲ್ಲ ಬರೆದ. ನನ್ನನ್ನು ನೋಡಲಿಲ್ಲ, ಅಷ್ಟೆ. ದೂರದಲ್ಲಿ ಕೂಗುವ ಹಕ್ಕಿ ಗಂಡೋ ಹೆಣ್ಣೋ ಹೇಳುತ್ತಿದ್ದ. ನನ್ನ ಹೆಜ್ಜೆ ಕೇಳಿದರೆ ತಿರುಗದೆ, ಅಲ್ಲಿಡು ಅನ್ನುತ್ತಿದ್ದ.”

“ಮತ್ತೆ ಮನೆಗೆ ಏಕೆ ಬಂದರು?”

“ಎರಡನೆಯ ಚಳಿಗಾಲ ಮಂಜುಗಡ್ಡೆಯ ಮೇಲೆ ಜಾರಿಬಿದ್ದು ನನ್ನ ಮಣಿಕಟ್ಟು ಮುರಿಯಿತು. ಎಂಟು ದಿನ ಡಬ್ಬಿ ಹೋಗಲಿಲ್ಲ. ಒಂಬತ್ತನೆಯ ದಿನ ಬಂದು ಬಾಗಿಲಲ್ಲಿ ನಿಂತು, ಏನಾಯಿತು ಅಂದ. ಎರಡು ವರ್ಷದಲ್ಲಿ ಅವನು ನನ್ನನ್ನು ಕೇಳಿದ ಮೊದಲ ಪ್ರಶ್ನೆ. ಆಮೇಲೆ ನೀರು ಸೇದಿದ, ರೊಟ್ಟಿ ಸೀಯಿಸಿದ, ಮತ್ತೆ ಹೋಗಲಿಲ್ಲ. ಪುಸ್ತಕದಲ್ಲಿ ಅದಕ್ಕೆ ಆಕಾಶ, ಆತ್ಮ ಅಂತ ಬೇರೆ ಏನೋ ಕಾರಣ ಬರೆದಿದ್ದಾನೆ. ಚೆನ್ನಾಗಿದೆ.”

ಕಾಯಿಯನ್ನು ಕೋಳಿಗೂಡಿನ ಹೊಸ್ತಿಲ ಕಲ್ಲಿಗೆ ಒಡೆದೆ. ಅದು ಕೆರೆ ಸ್ವಾಮಿಯದೇ ಹೊಸ್ತಿಲಂತೆ. ಕೋಳಿಗಳು ಕಿರುಚಿಕೊಂಡು ಹಾರಿದವು. ಗುರುಸಿದ್ದಪ್ಪನನ್ನು ಮನೆಗೆ ಕಳಿಸು ಅಂತ ಹೆಸರು ಹಿಡಿದೇ ಬೇಡಿಕೊಂಡೆ. ಅರ್ಧ ಅಲ್ಲಿಟ್ಟು, ಉಳಿದರ್ಧದಲ್ಲಿ ಅಜ್ಜಿಗೂ ಪ್ರಸಾದ ಕೊಟ್ಟೆ. ನಾಲ್ಕೇ ಹಲ್ಲಿನ ಅಜ್ಜಿ ಒಂದು ಚೂರು ಕೊಬ್ಬರಿಯನ್ನು ಸಂಜೆಯವರೆಗೂ ಅಗಿದಳು. ನಾನು ಹೊರಡುವಾಗ ಡಬ್ಬಿಯನ್ನು ಕೈಗಿಟ್ಟು, “ಅವನನ್ನು ಕೇಳಿಕೊಂಡು ಪ್ರಯೋಜನವಿಲ್ಲ, ಅವನಿಗೆ ಕೇಳಿಸುವುದು ಮರದ ಮಾತು. ಇದನ್ನು ನಿಮ್ಮ ಅಕ್ಕನಿಗೆ ಕೊಡಿ” ಅಂದಳು. ನಾನು ಚನ್ನಪಟ್ಟಣದ ಒಂದು ಬಣ್ಣದ ಭರಣಿ ಕೊಟ್ಟೆ. ಅವಳು ಆಗಲೇ ಅದಕ್ಕೆ ಅಂಗಿಯ ಗುಂಡಿಗಳನ್ನು ತುಂಬಿದಳು.

ಕರಿಬಂಡೆ

ಕ್ಲೋಸ್‌ಪೇಟೆಯಲ್ಲಿ ರೈಲಿಳಿದು, ಕನಕಪುರದ ಮೇಲೆ ಗಾಡಿಯಲ್ಲಿ ಮರಳವಾಡಿ ಮುಟ್ಟಿದೆ. ಔಷಧಿ ನನ್ನ ಹತ್ತಿರ ಇದೆಯೆಂದು ದಾರಿಯುದ್ದಕ್ಕೂ ಬೀಗುತ್ತಿದ್ದೆ. ಅಕ್ಕ ಹುಳದ ಮನೆಯಲ್ಲಿದ್ದಳು. ಹುಳಗಳು ಸೊಪ್ಪು ಮೇಯುವ ಸದ್ದು ಮಳೆ ಹುಯ್ಯುವ ಹಾಗೆ ಕೇಳುತ್ತಿತ್ತು.

“ಅಕ್ಕ, ಊಟ ಕಳಿಸೋದು ನಿಲ್ಲಿಸು. ಎಂಟೇ ದಿನ. ಒಂಬತ್ತನೇ ದಿನ ಭಾವ ಬಾಗಿಲಲ್ಲಿರ್ತಾರೆ.”

“ನಿಲ್ಸಿ ಎರಡು ತಿಂಗ್ಳಾಯ್ತು ಕಣ್ಲಾ ರುದ್ರಾ! ಕಾಲು ನೋವು, ಬಂಡೆ ಹತ್ತಕ್ಕಾಗ್ಲಿಲ್ಲ. ಊರೋರು ಬುಟ್ಟಾರಾ? ಬಂಡೆ ಸ್ವಾಮಿ ಉಪಾಸ ಅವ್ರೆ ಅಂತ ದೊಡ್ಡಆಲಹಳ್ಳಿಯಿಂದೆಲ್ಲಾ ಹೋಳಿಗೆ ತುಪ್ಪ ಹೊತ್ಕಂಡ್ ಬತ್ತಾರೆ. ಊದ್ಕಂಡವ್ರೆ ನಿಮ್ ಭಾವ.”

ನನ್ನ ಔಷಧಿ ಅಲ್ಲೇ ಉದುರಿಹೋಯಿತು. ಅಮೆರಿಕದಲ್ಲಿ ಒಂಟಿಯಾಗಿ ಕೂತವನಿಗೆ ತಂಗಿಯೊಬ್ಬಳೇ ಗತಿ. ನಮ್ಮಲ್ಲಿ ಬಾಯಿ ಮುಚ್ಚಿಕೊಂಡು ಬಂಡೆಯ ಮೇಲೆ ಕೂತವನು ಉಪವಾಸ ಸಾಯಲು ಊರೇ ಬಿಡುವುದಿಲ್ಲ.

ಮರುದಿನ ಬೆಳಿಗ್ಗೆ ಉಳಿದ ಪ್ರಸಾದವನ್ನು ಅಜ್ಜಿ ಅಕ್ಕನಿಗೆಂದು ಕೊಟ್ಟ ಡಬ್ಬಿಗೆ ಹಾಕಿಕೊಂಡು ಹೊರಟೆ. ಅಕ್ಕ ಸೊಪ್ಪಿನ ಕುಕ್ಕೆ ಹಿಡಿದು ಬಂಡೆಯ ಬುಡದ ತೋಟದವರೆಗೆ ಬಂದು, ಮೇಲೆ ಮಾತ್ರ ಬರುವುದಿಲ್ಲ ಅಂತ ನಿಂತಳು.

ಭಾವ ಗುಡಿಸಲಿನಲ್ಲಿರಲಿಲ್ಲ. ಹಿಂದಿನ ಬಂಡೆಯ ಸಂದಿಯಿಂದ ಪಿಸುದನಿ ಬಂತು: “ಹೋದ್ರಾ ಎಲ್ಲಾರೂವೆ?”

ನಾನೊಬ್ಬನೇ ಅಂದಮೇಲೆ ಹೊರಗೆ ಬಂದರು. ಹೊಟ್ಟೆ ಬಂದಿತ್ತು. ಕಣ್ಣಲ್ಲಿ ನೀರಿತ್ತು. “ಮೇಷ್ಟ್ರೇ, ಇರುವೆ ಸಾಲು ನೋಡ್ತಾ ಕುಂತಿದ್ದೆ. ಒಬ್ಳು ನನ್ ಕಾಲಿಗ್ ಬೀಳೋಕ್ ಬಂದು ಇರುವೆ ಮ್ಯಾಲೇ ಬಿದ್ಬುಟ್ಳು ಕಣ್ರೀ. ನೆಮ್ದಿನೇ ಇಲ್ಲ.”

“ಹಾ‌ಗಾದ್ರೆ ಮನೆಗೆ ಬನ್ನಿ.”

“ಯಾವ್ ಮೊಕ ಹೊತ್ಕಂಡ್ ಬರ್ಲಿ? ಬಂಡೆ ಸ್ವಾಮಿ ಸೊಪ್ಪು ಕುಯ್ತಾವ್ನೆ ಅಂತ ನಗಾಕಿಲ್ವಾ?” ಅಂದವರು, ತಟ್ಟನೆ ಮುಖ ಅರಳಿಸಿ ಕೇಳಿದರು, “ಕೆರೆ ಸ್ವಾಮಿ ಗುಡ್ಲು ನೋಡಿದ್ರಾ?”

ಪ್ರಸಾದ ಕೊಟ್ಟು ಎಲ್ಲವನ್ನೂ ಹೇಳಿದೆ. ಕೋಳಿಯ ವಿಷಯಕ್ಕೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಡಬ್ಬಿಯ ವಿಷಯ ಬಂದಾಗ ಅಗಿಯುವುದನ್ನು ನಿಲ್ಲಿಸಿದರು. ಡಬ್ಬಿಯನ್ನು ಕೈಗೆತ್ತಿಕೊಂಡು, ಹಿಡಿಕೆ ಸವೆದ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿದರು.

“ಆಯಮ್ಮನ ಹೆಸ್ರೇನು?”

ದಿನಚರಿ ತೆಗೆದೆ. ಕೋಳಿಗಳ ಬಣ್ಣ ಇತ್ತು, ಕೆರೆಯ ಸುತ್ತಳತೆ ಇತ್ತು, ತಿಂದ ತಿಂಡಿಯ ಲೆಕ್ಕವೂ ಇತ್ತು. ಅಜ್ಜಿಯ ಹೆಸರು ನಾನು ಕೇಳಿರಲಿಲ್ಲ.

“ಎರಡು ದಿನ ಉಂಡ್ಕಂಡು ಹೆಸ್ರು ಕೇಳ್ಲಿಲ್ವಾ?” ಅಂತ ಭಾವ ನಗಲು ಹೊರಟವರು ಅರ್ಧಕ್ಕೇ ನಿಂತರು. ನಾನು ತಲೆ ತಗ್ಗಿಸಿದೆ. ಅಷ್ಟು ನಾಚಿಕೆ ನನಗೆ ಹಂದಿಗೂಡಿನ ಮುಂದೆಯೂ ಆಗಿರಲಿಲ್ಲ. ಡಬ್ಬಿಯನ್ನು ಕೆಳಗಿಟ್ಟು ಭಾವ ಕೇಳಿದರು: “ನಿಮ್ಮಕ್ಕ ಯಾಕ್ ಬರ್ತಿಲ್ಲ ಈಗ?”

“ಕಾಲು ನೋವಂತೆ.”

“ಯಾವ್ ಕಾಲು?”

ಅದೂ ನನಗೆ ಗೊತ್ತಿರಲಿಲ್ಲ. ಅಮೆರಿಕದ ಕೋಳಿಯದು ಎಡಗಾಲು.

ಭಾವ ಎದ್ದು ಬಂಡೆಯ ಅಂಚಿಗೆ ಹೋದರು. ಕೆಳಗೆ ತೋಟದಲ್ಲಿ ಅಕ್ಕ ಬಗ್ಗಿ ಸೊಪ್ಪು ಬಿಡಿಸುತ್ತಿದ್ದಳು. ಅಭ್ಯಾಸದಂತೆ ಕೆಮ್ಮಲು ಗಂಟಲು ಸರಿ ಮಾಡಿಕೊಂಡರು, ಕೆಮ್ಮಲಿಲ್ಲ. ಎರಡು ಕೈಯನ್ನೂ ಬಾಯಿಗೆ ಹಿಡಿದು ಕೂಗಿದರು:

“ಚನ್ನಾಜೀ!”

ಸುತ್ತಲ ಬಂಡೆಗಳೆಲ್ಲ ಆ ಹೆಸರನ್ನು ಒಂದರ ಹಿಂದೆ ಒಂದು ಕೂಗಿದವು. ಅಕ್ಕನ ಕೈಯಿಂದ ಕುಕ್ಕೆ ಬಿತ್ತು. ಸೆರಗು ತಲೆಗೆ ಎಳೆದುಕೊಂಡು ಮೇಲೆ ನೋಡಿದಳು.

“ಅಯ್ಯೋ, ಹೆಸ್ರು ಹಿಡ್ದು ಕೂಗ್ತಾರಲ್ಲಪ್ಪಾ, ಊರೆಲ್ಲಾ ಕೇಳ್ತದೆ!”

“ಕೇಳ್ಲಿ! ಯಾವ್ ಕಾಲೇ ನೋಯೋದು?”

“ಎರಡೂವೆ! ಇಳ್ದು ಬಂದು ನೋಡಿ!”

ಭಾವ ಕಂಬಳಿಯನ್ನೂ ತೆಗೆದುಕೊಳ್ಳದೆ ಇಳಿದು ಹೋದರು, ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಡಬ್ಬಿ ಹೊತ್ತುಕೊಂಡು ನಾನು ಹಿಂದೆ ಬಂದೆ.